ಭರಣಿಯ ಮೇಲಿನ ಗೆರೆ

ಭರಣಿಯೊಳಗೆ ಗುಳ್ಳೆಗಳು ಏಳುತ್ತಲೇ ಇದ್ದವು. ಸಾಲೋಟಗಿಯ ರಸ್ತೆಯಲ್ಲಿ ಫಿಯೆಟ್ ಕಾರು ಕುಲುಕಿದಾಗೊಮ್ಮೆ ನೀರು ಒಂದು ಬದಿಗೆ ವಾಲುತ್ತಿತ್ತು. ಸ್ಟೀಲಿನ ತಗಡುಗಳಿಗೆ ಅಂಟಿಕೊಂಡಿದ್ದ ಸಣ್ಣ ಗುಳ್ಳೆಗಳೆಲ್ಲ ಒಮ್ಮೆಲೇ ಬಿಡಿಸಿಕೊಂಡು ಮೇಲಕ್ಕೆ ಓಡುತ್ತಿದ್ದವು. ಭಾಗ್ಯಜ್ಯೋತಿ ಹಿಂದಿನ ಸೀಟಿನಲ್ಲಿ ಕೂತು, ಎರಡು ಪಾದಗಳ ನಡುವೆ ಭರಣಿಯನ್ನು ಒತ್ತಿ ಹಿಡಿದಿದ್ದಳು. ಅದು ಸೋದರತ್ತೆ ಸಿದ್ದಲಿಂಗವ್ವ ನಿಂಬೆಕಾಯಿ ಉಪ್ಪಿನಕಾಯಿ ಹಾಕುತ್ತಿದ್ದ ದಪ್ಪ ಗಾಜಿನ ಭರಣಿ. ಈಗ ಮುಚ್ಚಳಕ್ಕೆ ತೂತು ಕೊರೆದು ಎರಡು ವಯರು ಒಳಗೆ ಬಿಟ್ಟಿದ್ದರು. ಮೂರನೆಯ ತೂತಿನಿಂದ ಹೊರಟ ರಬ್ಬರ್ ನಳಿಗೆ ಮುಂದಿನ ಸೀಟಿನ ಕೆಳಗೆ ಹಾದು ಬಾನೆಟ್ಟಿನೊಳಗೆ ಮಾಯವಾಗಿತ್ತು.

"ಈಗ ಏನಂತೀಯೋ ತಮ್ಮಾ?" ಪಕ್ಕದಲ್ಲಿ ಕೂತಿದ್ದ ಅತ್ತೆ ಮುಂದಕ್ಕೆ ಬಾಗಿ ಕೇಳಿದಳು.

"ಅನ್ನೂದೇನೈತಿ ಅಕ್ಕಾ. ಗಾಡಿ ಓಡಾಕತ್ತೈತಿ, ನಾ ಅದರಾಗ ಕುಂತೇನಿ," ಎಂದ ಮುಂದಿನ ಸೀಟಿನಲ್ಲಿದ್ದ ಭಾಗ್ಯಜ್ಯೋತಿಯ ಅಪ್ಪ ಪರಪ್ಪ. ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ ಅವನಿಗೆ ಗಾಡಿಗಳ ಸದ್ದು ಗೊತ್ತು. ಕಿವಿಯನ್ನು ಎಂಜಿನ್ನಿನ ಕಡೆಗೇ ಇಟ್ಟು, ಕಣ್ಣನ್ನು ಮಾತ್ರ ರಸ್ತೆಯ ಮೇಲೆ ಇಟ್ಟಿದ್ದ.

ಕಾರು ನಡೆಸುತ್ತಿದ್ದವನು ಅತ್ತೆಯ ಮಗ ಸಿದ್ದಾರೂಢ. ಹಿಂದಿನಿಂದ ಭಾಗ್ಯಜ್ಯೋತಿಗೆ ಅವನ ಕಿವಿಯ ತುದಿ ಕೆಂಪಗಾಗಿರುವುದಷ್ಟೇ ಕಾಣುತ್ತಿತ್ತು. ಅತ್ತೆಯ ಆಚೆ, ಬಾಗಿಲಿಗೆ ಒತ್ತಿಕೊಂಡು ಮೋಟಾರು ಮಿಸ್ತ್ರಿ ಖಾಜಾಸಾಬ ಕೂತಿದ್ದ. ಅವನು ಗಾಜಿನ ಹೊರಗೆ ನೋಡುತ್ತ ಬಿಳಿ ಗಡ್ಡ ಕೆರೆದುಕೊಳ್ಳುತ್ತಿದ್ದ.

ಕಬ್ಬಿನ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಮುಂದಿನ ಗಾಜು ಮಸುಕಾಯಿತು. ಪರಪ್ಪ ಅಭ್ಯಾಸಬಲದಿಂದ ಗಾಜು ತೊಳೆಯುವ ಗುಂಡಿಯನ್ನು ಒತ್ತಿದ. ನೀರು ಚಿಮ್ಮಲಿಲ್ಲ.

"ಅದು ಕೆಟ್ಟೈತ್ರಿ," ಹಿಂದಿನಿಂದ ಖಾಜಾಸಾಬ ತಟ್ಟನೆ ಹೇಳಿದ. "ಭಾಳ ದಿನ ಆತು."

ಭಾಗ್ಯಜ್ಯೋತಿ ತಲೆ ಎತ್ತಿದಳು. ಮುಂಜಾನೆ ಎಲ್ಲರಿಗಿಂತ ಮೊದಲು ಅವಳು ಅಂಗಳಕ್ಕೆ ಬಂದಾಗ ಖಾಜಾಸಾಬ ಅರ್ಧ ತೆರೆದ ಬಾನೆಟ್ಟಿನ ಕೆಳಗೆ ತಲೆಯಿಟ್ಟು, ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ತಗಡಿನ ಡಬ್ಬದಿಂದ ಏನೋ ಸುರಿಯುತ್ತಿದ್ದ. ಅವಳ ಹೆಜ್ಜೆ ಕೇಳಿ ಬೆಚ್ಚಿ, "ಗಾಜ ತೊಳಿಯೂ ನೀರು ಬೇಟಿ," ಎಂದು ನಕ್ಕು ಬಾನೆಟ್ ಮುಚ್ಚಿದ್ದ. ಭಾಳ ದಿನದಿಂದ ಕೆಟ್ಟಿದ್ದಕ್ಕೆ ಇವತ್ತೇಕೆ ನೀರು?

ಅವಳು ಮತ್ತೆ ಭರಣಿಯನ್ನು ನೋಡಿದಳು. ಹೊರಡುವ ಮುಂಚೆ, ಯಾರೂ ನೋಡದ ಹೊತ್ತಿನಲ್ಲಿ, ಕಣ್ಣಂಚಿನ ಕಾಡಿಗೆಯನ್ನು ಕಿರುಬೆರಳಿಗೆ ತಾಗಿಸಿ, ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿ ಗಾಜಿನ ಮೇಲೆ ಒಂದು ಗೆರೆ ಎಳೆದಿದ್ದಳು.

ಸಾಲೋಟಗಿ ಮುಟ್ಟಿ, ಚಹಾ ಕುಡಿದು, ಇಂಡಿಗೆ ಮರಳಿ ಬಂದು ಕಾರು ಬೇವಿನ ಮರದ ಕೆಳಗೆ ನಿಂತಾಗ ಅವಳು ಬಗ್ಗಿ ನೋಡಿದಳು. ನೀರು ಗೆರೆಯಲ್ಲೇ ಇತ್ತು. ಇಳಿದಿದ್ದರೆ ಒಂದು ಸಾಸಿವೆ ಕಾಳಿನಷ್ಟು.

*

ಸಿದ್ದಾರೂಢ ಇಂಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ನಿಂಬೆ, ದ್ರಾಕ್ಷಿ ತೋಟದವರು ಸುಟ್ಟ ಮೋಟಾರು ಹೊತ್ತು ತಂದರೆ ಎರಡು ದಿನದಲ್ಲಿ ಸರಿಮಾಡಿ ಕೊಡುತ್ತಿದ್ದ. ಭಾಗ್ಯಜ್ಯೋತಿ ಹುಟ್ಟಿದಾಗಲೇ ಅವನಿಗೆಂದು ಮಾತಾಗಿತ್ತು. ಮೂರು ವರ್ಷದ ಹಿಂದೆ, ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ನೀರನ್ನು ಕರೆಂಟಿನಿಂದ ಒಡೆದರೆ ಹೈಡ್ರೋಜನ್ ಬರುತ್ತದೆ, ಅದು ಉರಿಯುತ್ತದೆ, ಅಂದಮೇಲೆ ಕಾರು ಯಾಕೆ ಓಡಬಾರದು ಎಂದು ಅವನ ತಲೆಗೆ ಹೊಕ್ಕಿತು. ಅತ್ತೆಯ ಎರಡು ಊಟದ ತಾಟು ಕತ್ತರಿಸಿ ತಗಡು ಮಾಡಿಕೊಂಡ. ಮದುವೆಯ ಮಾತು ಎತ್ತಲು ಬಾಗೇವಾಡಿಗೆ ಬಂದಾಗ ಪರಪ್ಪ ನಾಲ್ಕು ಜನರ ಮುಂದೆ, "ನೀರಿನ ಮ್ಯಾಲೆ ಗಾಡಿ ಓಡಿಸಾಂವ ನಾಳಿ ನನ್ನ ಮಗಳಿಗೆ ಗಾಳಿ ಉಣಸ್ತಾನೇನು?" ಎಂದು ನಗೆಯಾಡಿದ. ಸಿದ್ದಾರೂಢ ಚಹಾದ ಬಟ್ಟಲನ್ನು ಕೆಳಗಿಟ್ಟು, "ಗಾಡಿ ನೀರಿನ ಮ್ಯಾಲೆ ಓಡಿದ ದಿನಾನ ಸಕ್ಕರಿ ಪುಡಿ, ಮಾಮಾ. ಅಲ್ಲೀತನಕ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ," ಎಂದು ಎದ್ದು ಹೋದ. ನಿಶ್ಚಯದ ದಿನ ಹಂಚುವ ಸಕ್ಕರೆಯ ಪೊಟ್ಟಣ ಅಂದಿನಿಂದ ಆ ಕಾರಿಗೆ ಗಂಟುಬಿದ್ದಿತ್ತು.

ಕಳೆದ ತಿಂಗಳು ಅತ್ತೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಅಳುತ್ತಲೇ ಹೇಳಿದಳು: ಗಾಡಿ ಓಡಿತು. ಪೆಟ್ರೋಲ್ ಟ್ಯಾಂಕನ್ನು ಕಳಚಿ ಊರಿಗೆಲ್ಲ ಕಾಣುವಂತೆ ಮನೆಯ ಮುಂದಿನ ಗೋಡೆಗೆ ತೂಗುಹಾಕಿದ್ದಾರೆ, ಬಂದು ನೋಡು. ಪರಪ್ಪ ಮಗಳನ್ನೂ ಹೊರಡಿಸಿದ. "ನೀ ಬಿ.ಎಸ್ಸಿ. ಓದೀಯಲ್ಲ. ನೋಡಿ ಹೇಳು," ಎಂದ. ಆದರೆ ಸಾಲೋಟಗಿಯಿಂದ ಮರಳಿದ ಮೇಲೆ ಅವಳನ್ನು ಅವನು ಏನೂ ಕೇಳಲಿಲ್ಲ. "ನಾಳೆ ಗುರುವಾರ, ಚಲೋ ದಿನ. ಸಕ್ಕರಿ ಇಲ್ಲೇ ಹಂಚಿಬಿಡೂಣು," ಎಂದು ಅಕ್ಕನಿಗೆ ಹೇಳಿ, ಮುಂಜಾನೆಯ ಬಸ್ಸಿಗೆ ಹೊರಟು ಬರಲು ಹೆಂಡತಿಗೆ ಫೋನು ಮಾಡಿ ಬಂದ.

ಹೋಳಿಗೆಗೆ ಕಡಲೆಬೇಳೆ ಆರಿಸುತ್ತ ಭಾಗ್ಯಜ್ಯೋತಿ ಎರಡು ವರ್ಷದ ಹಿಂದಿನ ಒಂದು ಮಾತನ್ನು ನೆನೆಸಿಕೊಂಡಳು. ಅವರ ಮನೆಯ ಫ್ಯಾನು ಸುಟ್ಟಾಗ ಪರಪ್ಪ ಅದನ್ನು ಬಸ್ಸಿನಲ್ಲಿ ಇಂಡಿಗೆ ಕಳಿಸಿದ್ದ. ಸಿದ್ದಾರೂಢ ತಂತಿ ಸುತ್ತಿ ಮರಳಿ ಕಳಿಸಿದ. ಜೊತೆಗೆ ಒಂದು ಚೀಟಿ ಇತ್ತು. "ನಾಕು ಸುತ್ತು ಕಡಿಮಿ ಬಿದ್ದಾವ. ಮೊದಲಿನಂಗ ತಿರುಗೂದಿಲ್ಲ. ತಪ್ಪು ನಂದು." ಫ್ಯಾನು ಮೊದಲಿನಂತೆಯೇ ತಿರುಗುತ್ತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಚೀಟಿಯನ್ನು ಅವಳು ರಸಾಯನಶಾಸ್ತ್ರದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು. ಅವನನ್ನು ಮದುವೆಯಾಗಲು ಅವಳ ಬಳಿ ಇದ್ದ ಕಾರಣ ಅದೊಂದೇ, ಮತ್ತು ಅದು ಅವಳಿಗೆ ಸಾಕಾಗಿತ್ತು.

ಈಗ ಆ ಚೀಟಿ ಬರೆದವನು ಸುಳ್ಳುಗಾರನೇ?

ಅವನು ಹಿತ್ತಲಲ್ಲಿ ಬ್ಯಾಟರಿಗೆ ನೀರು ತುಂಬುತ್ತಿದ್ದ. ಅವಳು ಬಾವಿಗಟ್ಟೆಯ ಹತ್ತಿರ ನಿಂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಕೊನೆಗೆ ಕೇಳಿದಳು.

"ಮಾವಾ, ಭರಣಿ ಎಷ್ಟ ಆಂಪಿಯರ್ ಎಳೀತೈತಿ?"

ಅವನು ತಿರುಗಿ ನೋಡಿದ. ಅವಳು ತಾನಾಗಿ ಮಾತಾಡಿಸಿದ್ದೇ ಅವನಿಗೆ ಸೋಜಿಗ. "ಎಂಟು. ಹೆಚ್ಚಂದ್ರ ಒಂಬತ್ತು."

"ಬ್ಯಾಟರಿ ಹನ್ನೆರಡು ವೋಲ್ಟು."

"ಹೌದು."

"ಅಂದ್ರ ನೂರು ವ್ಯಾಟು." ಅವಳು ನೆಲ ನೋಡುತ್ತಲೇ ಹೇಳಿದಳು. "ಒಂದು ಬಲ್ಬಿಂದು. ನೀರು ಒಡಿಯಾಕ ಎಷ್ಟ ಶಕ್ತಿ ಹಾಕ್ತೀವೋ, ಅದನ್ನ ಉರಿಸಿದ್ರ ಅದಕ್ಕಿಂತ ಹೆಚ್ಚು ಮರಳಿ ಬರಂಗಿಲ್ಲ. ಒಂದು ಬಲ್ಬಿನ ಕರೆಂಟು ಐದು ಮಂದೀನ ಎಳೀತೈತೇನು?"

ಸಿದ್ದಾರೂಢ ಬ್ಯಾಟರಿಯ ಬಿರಡೆಯನ್ನು ತಿರುಗಿಸುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ಏನೋ ಹಾದುಹೋಯಿತು. ಅದು ಸಿಕ್ಕಿಬಿದ್ದವನ ಗಾಬರಿಯೋ, ಲೆಕ್ಕ ಹಾಕುವವನ ಏಕಾಗ್ರತೆಯೋ ಅವಳಿಗೆ ಓದಲಾಗಲಿಲ್ಲ.

"ನಾನೂ ಹಂಗ ಲೆಕ್ಕಾ ಹಾಕೇನಿ," ಎಂದ ನಿಧಾನವಾಗಿ. "ಕೂಡೂದಿಲ್ಲ. ಆದ್ರ ಓಡೈತಲ್ಲ? ನೀನ ಕುಂತಿದ್ದಿ. ನಮಗ ಗೊತ್ತಿಲ್ಲದ್ದು ಏನೋ ಐತಿ ಅದರಾಗ. ಅದಕ್ಕ ಬಿಜಾಪುರದ ಪಾಲಿಟೆಕ್ನಿಕ್‌ದವರಿಗೆ ಕಾಗದ ಬರದೇನಿ. ಸೋಮವಾರ ನೋಡಾಕ ಬರ್ತಾರ."

"ಬಾನೆಟ್ ತಗದ ನೋಡಾರೇನು ಅವರು?"

"ನೋಡ್ಲಿ ಬಿಡು. ಖಾಜಾಚಾಚಾ ತೋರಸ್ತಾನ. ಒಳಗಿಂದೆಲ್ಲಾ ಅವಂದು."

ಇಂಡಿಯ ಮಿಸ್ತ್ರಿಗಳಲ್ಲಿ ಅದೊಂದು ಕಟ್ಟಳೆ. ಒಬ್ಬ ಮಿಸ್ತ್ರಿ ಕೈಯಿಟ್ಟ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವುದಿಲ್ಲ. ಹಾಕಿದರೆ ನಿನ್ನ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖದ ಮೇಲೆ ಅಂದಂತೆ. ಬಾನೆಟ್ಟಿನೊಳಗಿನದು ಖಾಜಾಸಾಬನದು, ವಯರು ಬ್ಯಾಟರಿ ಸಿದ್ದಾರೂಢನದು. ಮೂರು ವರ್ಷದಲ್ಲಿ ಇವನು ಬಾನೆಟ್ ಎತ್ತಿಲ್ಲ, ಅವನು ಭರಣಿ ಮುಟ್ಟಿಲ್ಲ. ಕಟ್ಟಳೆ ನಿಜವಿರಬಹುದು, ಎಂದುಕೊಂಡಳು ಭಾಗ್ಯಜ್ಯೋತಿ. ಕಾಣಬಾರದ್ದನ್ನು ಕಾಣದಿರಲು ಅದು ಬಹಳ ಅನುಕೂಲವೂ ಹೌದು.

*

ಊಟವಾಗಿ ಮನೆಯವರು ಅಡ್ಡಾದ ಮೇಲೆ ಅವಳು ಒಂದು ಕಪ್ಪು ಚಹಾ ಹಿಡಿದು ರಸ್ತೆಯಾಚೆಯ ತಗಡಿನ ಶೆಡ್ಡಿಗೆ ಹೋದಳು. ಖಾಜಾಸಾಬ ಹಳೆಯ ಟೈರಿನ ಮೇಲೆ ಕೂತು ಬೀಡಿ ಎಳೆಯುತ್ತಿದ್ದವನು ಅವಳನ್ನು ಕಂಡು ಆರಿಸಿದ.

"ಬಾ ಬೇಟಿ. ಚಹಾ ಯಾಕ ತಂದಿ, ನೀ ನಾಳಿ ಮದುಮಗಳು."

ಅವಳು ಕಪ್ಪು ಕೊಟ್ಟು ಅಲ್ಲೇ ನಿಂತಳು. ಅವನು ಕುಡಿದು ಮುಗಿಸುವವರೆಗೂ ನಿಂತಳು.

"ನೀರ ಬರಲಿಲ್ಲಲ್ರಿ ಚಾಚಾ," ಎಂದಳು.

"ಎಲ್ಲಿ?"

"ಗಾಜಿನ ಮ್ಯಾಲೆ. ಮುಂಜಾನೆ ನೀವು ತುಂಬಿದ್ರಿ."

ಖಾಜಾಸಾಬ ಖಾಲಿ ಕಪ್ಪಿನೊಳಗೆ ನೋಡಿದ. ಶೆಡ್ಡಿನ ಮೇಲೆ ಕಾಗೆಯೊಂದು ಕೂತು ತಗಡು ಕುಟ್ಟುತ್ತಿತ್ತು. "ಬಿ.ಎಸ್ಸಿ. ಓದಿದ ಹುಡುಗೀನ ಗಾಡ್ಯಾಗ ಕೂಡಸಬ್ಯಾಡ ಅಂತ ನಿಮ್ಮತ್ತಿಗೆ ಬಡಕೊಂಡೆ," ಎಂದ ಕೊನೆಗೆ. ನಗಲು ನೋಡಿದ, ಆಗಲಿಲ್ಲ. "ಆ ಡಬ್ಬಿಯಿಂದ ಪಂಪಿಗೆ ಒಂದು ನಳಿಗಿ ಕೊಟ್ಟೇನಿ. ಒಂದೂವರಿ ಲೀಟರ್ ಹಿಡೀತೈತಿ. ಸಾಲೋಟಗಿಗೆ ಹೋಗಿ ಬರಾಕ ಸಾಕು."

"ಪೆಟ್ರೋಲು."

"ಮತ್ತ? ಉಪ್ಪಿನಕಾಯಿ ರಸದ ಮ್ಯಾಲೆ ಓಡತೈತೇನು?" ಅವನು ದನಿ ಇಳಿಸಿದ. "ನಿಮ್ಮತ್ತಿ ಬಂದು ಇದ ಟೈರಿನ ಮ್ಯಾಲೆ ಕುಂತು ಅತ್ತಳು. ಮೂರು ವರ್ಷ ಆತು ಖಾಜಾಸಾಬ, ಇವನ ಹಟದಾಗ ಹುಡುಗಿ ಕೈ ಬಿಟ್ಟ ಹೋಗ್ತಾಳ, ಒಮ್ಮಿ ಓಡಿಸಿಬಿಡು, ಸಕ್ಕರಿ ಆಗಲಿ ಅಂತ. ಒಮ್ಮೀನ ಅಂದಿದ್ಲು. ಅವಾ ಗಾಡಿ ಓಡಿದ್ದ ನೋಡಿ ನನ್ನ ತಬ್ಬಕೊಂಡ ಬೇಟಿ. ಆಮ್ಯಾಲ ಹ್ಯಾಂಗ ಹೇಳ್ಲಿ?"

"ಮಾವಗ ಗೊತ್ತೈತೇನ್ರಿ?"

"ಇಲ್ಲ."

"ಖರೇ?"

"ಅಲ್ಲಾನ ಆಣಿ. ಸಕ್ಕರಿ ಮುಗೀಲಿ, ಸೋಮವಾರದೊಳಗ ಎಂಜಿನ್ ಹಿಡಕೊಂತು ಅಂತ ಹೇಳಿ ಬಿಚ್ಚಿ ಒಗಿತೇನಿ. ನೀ ಬಾಯಿ ಬಿಡಬ್ಯಾಡ."

ಅವಳು ಕಪ್ಪು ತೆಗೆದುಕೊಂಡು ಬಂದಳು. ಗಾಜಿನ ನೀರಿನ ಡಬ್ಬಿಗೆ ಪೆಟ್ರೋಲು ತುಂಬಿದವನ ಆಣೆಯನ್ನು ಎಷ್ಟು ನಂಬಬೇಕು? ಪಡಸಾಲೆಯಲ್ಲಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಉಸಿರು ನಿದ್ದೆಯದಾಗಿರಲಿಲ್ಲ. ಅಪ್ಪ ಪೇಪರು ಓದುತ್ತಿದ್ದ. ಇಪ್ಪತ್ತು ವರ್ಷ ಬಸ್ಸುಗಳ ನಡುವೆ ಕಳೆದವನು. ಗಾಜಿನ ಗುಂಡಿಯನ್ನು ಒಮ್ಮೆ ಒತ್ತಿದವನು ಮತ್ತೊಮ್ಮೆ ಯಾಕೆ ಒತ್ತಲಿಲ್ಲ? ನೋಡಿ ಹೇಳು ಎಂದವನು ಯಾಕೆ ಕೇಳಲಿಲ್ಲ? ಹೊರಗೆ ಸಿದ್ದಾರೂಢ ಏನನ್ನೋ ಹಾಡಿಕೊಳ್ಳುತ್ತ ಕಾರಿನ ಗಾಜು ಒರೆಸುತ್ತಿದ್ದ. ಬಟ್ಟೆ ಬಾನೆಟ್ಟಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ತಿರುಗಿ ಹೋಗುತ್ತಿತ್ತು.

ಅವಳು ಅವನನ್ನು ನೇರವಾಗಿ ಕೇಳಬಹುದಿತ್ತು. ಇಲ್ಲ ಎನ್ನುತ್ತಾನೆ. ಗೊತ್ತಿದ್ದರೂ ಇಲ್ಲ ಎನ್ನುತ್ತಾನೆ, ಗೊತ್ತಿಲ್ಲದಿದ್ದರೂ ಇಲ್ಲ ಎನ್ನುತ್ತಾನೆ. ಎರಡು ಇಲ್ಲಗಳನ್ನು ಬೇರೆ ಮಾಡುವುದು ಹೇಗೆಂದು ಅವಳಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

*

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನಳ ಬಂತು. ಅತ್ತೆ ಹಿತ್ತಲಲ್ಲಿ ಕೊಡ ತುಂಬುತ್ತಿದ್ದಳು. ಭಾಗ್ಯಜ್ಯೋತಿ ನೀರು ತುಂಬಿದ ಒಂದು ಚರಿಗೆ ಹಿಡಿದು ಮುಂಬಾಗಿಲಿಗೆ ಬಂದಳು, ಅಂಗಳಕ್ಕೆ ನೀರು ಚಿಮುಕಿಸುವವಳಂತೆ. ಕಾರಿನ ಬಾನೆಟ್ ಎತ್ತಿದಳು. ಖಾಜಾಸಾಬ ರಾತ್ರಿಯೇ ಮತ್ತೆ ತುಂಬಿಟ್ಟು ಹೋಗಿದ್ದ. ಬಿಳಿ ಡಬ್ಬಿಯ ಮುಚ್ಚಳ ತೆಗೆದಾಗ ಪೆಟ್ರೋಲಿನ ವಾಸನೆ ಮುಖಕ್ಕೆ ಬಡಿಯಿತು. ಹೈಡ್ರೋಜನ್ನಿಗೆ ವಾಸನೆಯಿಲ್ಲ. ಡಬ್ಬಿಯನ್ನು ಕಳಚಿ, ಇದ್ದುದನ್ನೆಲ್ಲ ಮರದ ಬುಡದಲ್ಲಿದ್ದ ಖಾಜಾಸಾಬನ ತಗಡಿನ ಡಬ್ಬಕ್ಕೆ ಸುರಿದಳು. ಆಮೇಲೆ ಚರಿಗೆಯ ನೀರನ್ನು ಡಬ್ಬಿಗೆ ತುಂಬಿ, ಮೊದಲಿದ್ದಂತೆಯೇ ಸಿಕ್ಕಿಸಿ, ಬಾನೆಟ್ ಮುಚ್ಚಿದಳು. ತಗಡಿನ ಡಬ್ಬವನ್ನು ಮುಚ್ಚಿದ ಶೆಡ್ಡಿನ ಬಾಗಿಲಿಗೆ ಒರಗಿಸಿಟ್ಟು ಬಂದು ಕೈಯನ್ನು ಸೀಗೆಪುಡಿ ಹಾಕಿ ಎರಡು ಸಲ ತೊಳೆದಳು.

ಎಂಟು ಗಂಟೆಗೆ ಬಾಗೇವಾಡಿಯ ಬಸ್ಸಿನಲ್ಲಿ ಅವ್ವ ಬರುವವಳಿದ್ದಳು. "ನೀರಿನ ಗಾಡ್ಯಾಗ ಕರಕೊಂಡ ಬರೂಣು," ಎಂದಳು ಅತ್ತೆ. ಎಲ್ಲರೂ ಹತ್ತಿದರು. ಅತ್ತೆಯ ಮಡಿಲಲ್ಲಿ ಕೆಂಪು ಕಾಗದದ ಸಕ್ಕರೆ ಪೊಟ್ಟಣವಿತ್ತು. ಮೊದಲು ಗುಡಿಗೆ ಮುಟ್ಟಿಸಬೇಕಂತೆ. ಖಾಜಾಸಾಬ ತಡವಾಗಿ ಓಡಿ ಬಂದ. ಇನ್ನೂ ಶೆಡ್ಡಿಗೆ ಹೋಗಿರಲಿಲ್ಲ. ಭಾಗ್ಯಜ್ಯೋತಿ ಭರಣಿಯನ್ನು ಪಾದಗಳ ನಡುವೆ ಹಿಡಿದಳು. ಸಿದ್ದಾರೂಢ ಸ್ವಿಚ್ಚು ಒತ್ತಿದ, ಗುಳ್ಳೆಗಳು ಎದ್ದವು. ಪಂಪಿನಲ್ಲಿ, ನಳಿಗೆಯಲ್ಲಿ ಉಳಿದಿದ್ದ ಪೆಟ್ರೋಲಿನ ಮೇಲೆ ಕಾರು ಹೊರಟಿತು.

ಬಸ್‌ಸ್ಟ್ಯಾಂಡಿಗೆ ಇನ್ನೂ ನೂರು ಹೆಜ್ಜೆ ಇರುವಾಗ ಎಂಜಿನ್ನು ಎರಡು ಸಲ ಕೆಮ್ಮಿತು, ಜಗ್ಗಿತು, ನಿಂತಿತು. ಹಿಂದೆ ನಿಂಬೆಹಣ್ಣಿನ ಚೀಲ ಹೇರಿದ್ದ ಟೆಂಪೋ ಹಾರ್ನ್ ಬಾರಿಸತೊಡಗಿತು. ಚಹಾದಂಗಡಿಯಿಂದ ಜನ ಎದ್ದು ಬಂದರು.

"ಯಾವ ಬಾವಿ ನೀರು ಹಾಕಿದ್ರಿ ಸಿದ್ದಣ್ಣಾ?"

"ಕಾಸಿ ಆರಿಸಿ ಹಾಕಬೇಕಿತ್ತೋ, ನೆಗಡಿ ಆಗೈತಿ ಅದಕ್ಕ!"

ಸಿದ್ದಾರೂಢ ಇಳಿದು ಬಾನೆಟ್ಟಿನ ಮುಂದೆ ನಿಂತ. ಖಾಜಾಸಾಬ ಅವನಿಗಿಂತ ಮೊದಲು ಅಲ್ಲಿದ್ದ. ಭಾಗ್ಯಜ್ಯೋತಿಯೂ ಇಳಿದಳು. ಇಷ್ಟು ಜನರ ನಡುವೆ ತಾನಾಗಿ ಇಳಿದು ನಿಂತದ್ದು ಅವಳ ಜೀವನದಲ್ಲಿ ಅದೇ ಮೊದಲು. ಅವಳ ಕಣ್ಣು ಸಿದ್ದಾರೂಢನ ಮುಖವನ್ನು ಬಿಟ್ಟು ಕದಲಲಿಲ್ಲ.

"ಪ್ಲಗ್ ನೆನದಿರಬೇಕು," ಎಂದ ಖಾಜಾಸಾಬ. "ತಳ್ಳಿಕೊಂಡು ಮನಿಗೆ ಒಯ್ಯೂಣು. ಈಗ ಮುಟ್ಟಬ್ಯಾಡ, ಬಿಸಿ ಐತಿ."

"ತೆಗೀಲೇನು ಚಾಚಾ?" ಸಿದ್ದಾರೂಢ ಕೇಳಿದ. ಕೇಳುವಾಗ ಅವನಿಗೇ ನಾಚಿಕೆಯಾದಂತಿತ್ತು.

ಖಾಜಾಸಾಬನ ಕೈ ಗಡ್ಡಕ್ಕೆ ಹೋಯಿತು. ಸಿದ್ದಾರೂಢ ಒಂದು ಕ್ಷಣ ಕಾದು ಬಾನೆಟ್ ಎತ್ತಿದ. ಮೊದಲು ಅವನ ಕಣ್ಣು ಭರಣಿಯಿಂದ ಬಂದ ರಬ್ಬರ್ ನಳಿಗೆಯ ಮೇಲೆ ಹೋಯಿತು. ಅದು ಸರಿಯಾಗಿಯೇ ಇತ್ತು. ಆಮೇಲೆ ಬಿಳಿ ಡಬ್ಬಿ ಕಂಡಿತು. ಅದರಿಂದ ಹೊರಟ ನಳಿಗೆಯ ಮೇಲೆ ತೋರುಬೆರಳಿಟ್ಟು, ಮೋಟಾರಿನ ತಂತಿಯ ಸುತ್ತು ಎಣಿಸುವವನಂತೆ ನಿಧಾನವಾಗಿ ಬೆರಳು ನಡೆಸಿದ. ಡಬ್ಬಿ. ಪಂಪು. ಕಾರ್ಬುರೇಟರ್. ಮತ್ತೆ ಹಿಂದಕ್ಕೆ. ನಳಿಗೆಯ ತುದಿ ಕಿತ್ತು, ಬಿದ್ದ ಹನಿಯನ್ನು ಮೂಸಿದ. ಬೆರಳು ಮೂಗಿನ ಹತ್ತಿರವೇ ನಿಂತುಬಿಟ್ಟಿತು.

"ಏನಾಗೈತೋ?" ಪರಪ್ಪ ಕಾರಿನೊಳಗಿಂದಲೇ ಕೂಗಿದ.

"ಪ್ಲಗ್ ಐತ್ರಿ ಕಂಟ್ರೋಲರ್ ಸಾಹೇಬ್ರ, ಪ್ಲಗ್!" ಖಾಜಾಸಾಬ ಜೋರಾಗಿ ಹೇಳಿದ.

"ಹೌದ ತಮ್ಮಾ, ಈ ಪ್ಲಗ್ ಹಿಂಗ ಕೈ ಕೊಡತೈತಿ," ಎಂದಳು ಅತ್ತೆ, ಪೊಟ್ಟಣವನ್ನು ಎದೆಗೆ ಒತ್ತಿಕೊಂಡು. ಪ್ಲಗ್ ಎಂದರೆ ಏನೆಂದು ಅವಳಿಗೆ ತಿಳಿದಿರಲಿಲ್ಲ.

"ಅಷ್ಟ ಏನು? ಹಂಗಾರ ತಳ್ಳೂಣು ಬಿಡು," ಎಂದ ಪರಪ್ಪ. ಅವನ ದನಿಯಲ್ಲಿ ಸಮಾಧಾನವಿತ್ತು.

ಸಿದ್ದಾರೂಢ ತಾಯಿಯ ಕಡೆ ನೋಡಿದ. ಖಾಜಾಸಾಬನ ಕಡೆ ನೋಡಿದ. ನಳಿಗೆಯನ್ನು ಮೊದಲಿದ್ದಲ್ಲೇ ಸಿಕ್ಕಿಸಿ ಬಾನೆಟ್ ಮುಚ್ಚಿದ. ಆಯಿತು, ಎಂದುಕೊಂಡಳು ಭಾಗ್ಯಜ್ಯೋತಿ, ಇವನೂ ಸುಳ್ಳಿಗೆ ಒಪ್ಪಿಕೊಂಡ. ಅವನು ಪ್ಯಾಂಟಿಗೆ ಕೈ ಒರೆಸುತ್ತ ಪರಪ್ಪನ ಕಿಟಕಿಯ ಹತ್ತಿರ ಹೋದ.

"ಮಾಮಾ, ಗಾಡಿ ನೀರಿನ ಮ್ಯಾಲೆ ಓಡಿಲ್ಲ," ಎಂದ. ಜನರಿಗೆಲ್ಲ ಕೇಳುವಷ್ಟು ದನಿ. "ನಿನ್ನೀನೂ ಓಡಿಲ್ಲ. ಒಂದು ದಿನಾನೂ ಓಡಿಲ್ಲ. ಪೆಟ್ರೋಲಿನ ಮ್ಯಾಲೆ ಓಡೈತಿ. ತಪ್ಪು ನಂದು, ನಾ ತಗದ ನೋಡಬೇಕಿತ್ತು."

ಚಹಾದಂಗಡಿಯ ಕಡೆಯಿಂದ ಒಬ್ಬ ನಕ್ಕ, ನಗೆ ಒಬ್ಬರಿಂದ ಒಬ್ಬರಿಗೆ ದಾಟಿ ಟೆಂಪೋದವರೆಗೂ ಹೋಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪರಪ್ಪ ಬಾಗಿಲು ತೆಗೆದು ಇಳಿದ. ಬಸ್‌ಸ್ಟ್ಯಾಂಡಿನ ಕಡೆ ನಡೆದ, ಹೆಂಡತಿಯ ಬಸ್ಸು ಬಂದಿತ್ತು.

ಖಾಜಾಸಾಬ ಸ್ಟೇರಿಂಗ್ ಹಿಡಿದ. ಸಿದ್ದಾರೂಢ ಹಿಂದಿನಿಂದ ತಳ್ಳಿದ. ಭಾಗ್ಯಜ್ಯೋತಿ ಅವನ ಪಕ್ಕಕ್ಕೆ ಬಂದು ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟಳು. ಬಿಸಿಲಿಗೆ ತಗಡು ಆಗಲೇ ಕಾದಿತ್ತು. ಮನೆಯವರೆಗೂ ಅವನು ಅವಳ ಕಡೆ ತಿರುಗಲಿಲ್ಲ.

ಬೇವಿನ ಮರದ ಕೆಳಗೆ ಕಾರು ನಿಂತ ಮೇಲೆ ಅವನು ಹಿಂದಿನ ಬಾಗಿಲು ತೆಗೆದು ಭರಣಿಯ ಕಡೆ ಬಗ್ಗಿದ. ಸ್ವಿಚ್ಚು ಆರಿಸಲು ಮರೆತಿದ್ದರು. ಗುಳ್ಳೆಗಳು ಇನ್ನೂ ಏಳುತ್ತಿದ್ದವು. ಅವನು ಗಾಜಿನ ಮೇಲಿನ ಕಪ್ಪು ಗೆರೆಯನ್ನು ನೋಡಿದ.

"ಇದು ನೀ ಹಾಕಿದ್ದಾ?"

"ಹ್ಞೂಂ."

"ಡಬ್ಬ್ಯಾಗ ನೀರು?"

"ನಾನ."

ಅವನು ತಲೆಯಾಡಿಸಿದ. ಲೆಕ್ಕ ಈಗ ಕೂಡಿತು ಎನ್ನುವವನಂತೆ.

"ನನ್ನ ಕೇಳಬೇಕಿತ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಿಚ್ಚು ಆರಿಸಿ, ಗೋಡೆಗೆ ತೂಗುಹಾಕಿದ್ದ ಪೆಟ್ರೋಲ್ ಟ್ಯಾಂಕನ್ನು ಇಳಿಸಿಕೊಳ್ಳಲು ಹೋದ.

ಭಾಗ್ಯಜ್ಯೋತಿ ಸೀಟಿನ ಅಂಚಿನಲ್ಲಿ ಕೂತು ಭರಣಿಯನ್ನು ಮಡಿಲಿಗೆ ಎಳೆದುಕೊಂಡಳು. ತಗಡಿಗೆ ಅಂಟಿದ್ದ ಕೊನೆಯ ಗುಳ್ಳೆಗಳು ಒಂದೊಂದಾಗಿ ಬಿಡುತ್ತಿದ್ದವು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಕಾಡಿಗೆಯ ಗೆರೆಯನ್ನು ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು, ಗೆರೆ ಅಗಲವಾಗಿ ಬೂದಿಯ ಬಣ್ಣಕ್ಕೆ ಹರಡಿ, ಅದರ ಹಿಂದಿನ ನೀರು ಮಸುಕಾಯಿತು.